ಆಸ್ಪತ್ರೆಯಲ್ಲಿ ಕೇಳಲೇಬೇಕಾದ ಪ್ರಶ್ನೆ

ಮನೆಯವರನ್ನು ಆಸ್ಪತ್ರೆಗೆ ಸೇರಿಸಿದಾಗ ಔಷಧ, ಊಟ, ಬಿಲ್ಲು ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡಲು ಬಂದವರಲ್ಲಿ “ಕೈ ತೊಳೆದಿರಾ?” ಎಂದು ಕೇಳಲು ಹಿಂಜರಿಯುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾದ 100 ಮಂದಿಯಲ್ಲಿ 15 ಮಂದಿಗೆ ಅಲ್ಲಿಯೇ ಹೊಸ ಸೋಂಕು ತಗಲುತ್ತದೆ. ಕೈಗಳ ಶುಚಿತ್ವ ಮತ್ತಿತರ ಸರಳ ಕ್ರಮಗಳಿಂದ ಇದರಲ್ಲಿ ಹೆಚ್ಚಿನದನ್ನು ತಡೆಯಬಹುದು.

ಆದ್ದರಿಂದ ವಿನಯದಿಂದಲೇ ಕೇಳಿ. ಮೂತ್ರದ ನಳಿಕೆ, ಡ್ರಿಪ್ ಸೂಜಿ ಇನ್ನೂ ಬೇಕೇ ಎಂದು ದಿನವೂ ವಿಚಾರಿಸಿ. ಅವು ಹೆಚ್ಚು ದಿನ ಇದ್ದಷ್ಟೂ ಸೋಂಕಿನ ಅಪಾಯ ಹೆಚ್ಚು.

ರೋಗಿಯನ್ನು ಸಂದರ್ಶಿಸುವುದು ಪುಣ್ಯದ ಕೆಲಸ. ಆದರೆ ಒಮ್ಮೆಗೆ ಇಬ್ಬರು ಸಾಕು. ಶೀತ, ಜ್ವರ ಇದ್ದವರು ಮನೆಯಿಂದಲೇ ದುಆ ಮಾಡಲಿ. ರೋಗಿಯನ್ನು ಮುಟ್ಟುವ ಮೊದಲೂ ನಂತರವೂ ಸಾಬೂನಿನಿಂದ 40ರಿಂದ 60 ಸೆಕೆಂಡು ಕೈ ತೊಳೆಯಿರಿ.

ವಾರ್ಡಿನಲ್ಲಿ ನೀರು, ಸಾಬೂನು ಇಲ್ಲವೇ? ಗೊಣಗಿ ಸುಮ್ಮನಾಗಬೇಡಿ. ಕರ್ನಾಟಕದ ಸರಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಜಮಾಅತ್‌ನ ನಾಲ್ಕು ಮಂದಿ ಸೇರಿ ಲಿಖಿತ ಮನವಿ ಕೊಡಿ. ನೀವು ಕೇಳಿ ತರಿಸಿದ ಸಾಬೂನು ಪಕ್ಕದ ಮಂಚದ ರೋಗಿಯನ್ನೂ ಕಾಯುತ್ತದೆ.