ಹಳ್ಳಿಗೆಂದೇ ಹುಟ್ಟಿದ ಸಿಂಪ್ಯೂಟರ್

ಓದು ಬರಹ ಬಾರದವರೂ ಬಳಸಬಲ್ಲ ಗಣಕಯಂತ್ರ ಸಾಧ್ಯವೇ? ಸಾಧ್ಯವೆಂದು 2001ರಲ್ಲಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್‌ಕೋರ್ ಕಂಪೆನಿಯ ತಂತ್ರಜ್ಞರು. ಅವರು ರೂಪಿಸಿದ ಅಂಗೈಯಗಲದ ಯಂತ್ರವೇ 'ಸಿಂಪ್ಯೂಟರ್'. ಪರದೆಯ ಮೇಲಿನ ಚಿತ್ರವನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಅಕ್ಷರದಲ್ಲಿದ್ದುದನ್ನು ಅದು ಭಾರತೀಯ ಭಾಷೆಗಳಲ್ಲಿ ಓದಿ ಹೇಳುತ್ತಿತ್ತು.

ಬೆಲೆ ಸುಮಾರು 9,000 ರೂಪಾಯಿ ಎಂಬ ಅಂದಾಜಿತ್ತು. ಬಡವರಿಗೆ ಅದೂ ದುಬಾರಿಯೇ. ಅದಕ್ಕೂ ಒಂದು ಉಪಾಯ ಹುಡುಕಲಾಗಿತ್ತು: ಯಂತ್ರ ಊರಿಗೊಂದು, ಸ್ಮಾರ್ಟ್ ಕಾರ್ಡ್ ತಲೆಗೊಂದು. ಅವರವರ ಮಾಹಿತಿ ಅವರವರ ಕಾರ್ಡಿನಲ್ಲಿ ಭದ್ರ.

ಮೆಚ್ಚುಗೆ ದೇಶ ವಿದೇಶಗಳಿಂದ ಬಂತು. ಗಿರಾಕಿಗಳು ಬಂದದ್ದು ಕಡಿಮೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಮಾದರಿ ಪೇಟೆಗೆ ಬರುವ ವೇಳೆಗೆ ಮೊಬೈಲ್ ಫೋನು ಅಗ್ಗವಾಗತೊಡಗಿತ್ತು. ಫೋನಿನ ಉಪಯೋಗವನ್ನು ಯಾರಿಗೂ ವಿವರಿಸಬೇಕಿರಲಿಲ್ಲ. ಆದರೆ ಸಿಂಪ್ಯೂಟರಿನಲ್ಲಿ ರೈತನಿಗೆ ಪೇಟೆಧಾರಣೆ ಸಿಗಬೇಕಾದರೆ ಅದನ್ನು ದಿನವೂ ತುಂಬುವವರು ಬೇಕಿತ್ತು. ಯಂತ್ರವೇನೋ ಸಿದ್ಧವಾಗಿತ್ತು, ಅದರ ಹಿಂದಿನ ವ್ಯವಸ್ಥೆ ಸಿದ್ಧವಾಗಿರಲಿಲ್ಲ.

ಊರಿಗೆಲ್ಲ ಸೇರಿದ ಯಂತ್ರಕ್ಕೆ ಹಣ ಕೊಡುವವರು ಯಾರು? ಈ ಪ್ರಶ್ನೆಯೂ ಹಾಗೆಯೇ ಉಳಿಯಿತು. ಹೊಸ ಸರಕು ರೂಪಿಸುವವರು ಬಳಸುವವರನ್ನು ಅರಿತರಷ್ಟೇ ಸಾಲದು. ಕೊಳ್ಳುವವರಾರು, ನಡೆಸುವವರಾರು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು.