ಕಾಫಿಯಿಲ್ಲದ ತಿರಾಮಿಸು

ಇಟಲಿಯ ಈಶಾನ್ಯದಲ್ಲಿ ತ್ರೆವೀಸೋ ಎಂಬ ಊರುಂಟು. ಅಲ್ಲಿಯ ಒಂದು ಭೋಜನಶಾಲೆಯಿಂದ 1970ರ ಸುಮಾರಿಗೆ ಹೆಸರಾದ ಸಿಹಿಯೇ ತಿರಾಮಿಸು. ‘ನನ್ನನ್ನು ಮೇಲೆತ್ತು’ ಎಂದು ಆ ಪದದ ಅರ್ಥ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಮೇಲೆ ಹಸಿ ಮೊಟ್ಟೆ, ಸಕ್ಕರೆಗಳೊಡನೆ ಕಡೆದ ಮಸ್ಕಾರ್ಪೋನೆ ಎಂಬ ಕೆನೆಗಿಣ್ಣು. ತುದಿಗೆ ಕೋಕೋ ಪುಡಿ.

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ಅಜ್ಜಿ ಸಂಜೆಯ ಮೇಲೆ ಕಾಫಿ ಮುಟ್ಟಿದರೆ ರಾತ್ರಿಯಿಡೀ ನಿದ್ರೆಯಿಲ್ಲ. ಸಿಹಿಯಾದರೋ ಊಟದ ಕೊನೆಗೆ ಬರತಕ್ಕದ್ದು. ಅವರನ್ನು ಬಿಟ್ಟು ನಾವು ತಿನ್ನುವುದು ಹೇಗೆ? ಕಾಫಿಯನ್ನೇ ಬಿಡಬೇಕಾಯಿತು.

ಆದರೆ ಕಾಫಿ ಇಲ್ಲಿ ಬರಿಯ ಪರಿಮಳಕ್ಕಲ್ಲ. ಕೆನೆಯ ಜಿಡ್ಡನ್ನೂ ಸಕ್ಕರೆಯ ಸಿಹಿಯನ್ನೂ ಅದರ ಕಹಿಯೇ ಹಿಡಿದು ನಿಲ್ಲಿಸುತ್ತದೆ. ಮಾವಿನ ರಸ ಸುರಿಯುವವರುಂಟು. ಅದು ಸಿಹಿಗೆ ಸಿಹಿ ಬೆರೆಸಿದಂತೆ. ರೇಷ್ಮೆಗೆ ಹೆಸರಾದ ನಮ್ಮ ಶಿಡ್ಲಘಟ್ಟ ಸೀಮೆಯಲ್ಲಿ ಹಿಪ್ಪುನೇರಳೆ ಹಣ್ಣಿಗೇನು ಬರ? ಅದರ ಹುಳಿ ರುಚಿಯೇ ಸರಿ, ಕಹಿ ಮಾತ್ರ ಇಲ್ಲ.

ಕಹಿ ಸಿಕ್ಕಿದ್ದು ರಾಗಿಯಲ್ಲಿ. ಇಡಿಯ ಕಾಳನ್ನು ಇನ್ನೇನು ಸೀಯಬೇಕೆನ್ನುವವರೆಗೆ ಹುರಿದು, ಒಂದು ಹಿಡಿಗೆ ಎರಡು ಲೋಟ ನೀರಿಟ್ಟು ಕುದಿಸಿ, ಚೂರು ಒಣಶುಂಠಿ ಸೇರಿಸಿ ಸೋಸಬೇಕು. ಹಿಟ್ಟು ಹಾಕಿದಿರೋ, ಅಂಬಲಿಯಾದೀತು! ತಣಿದ ಈ ಕಷಾಯದಲ್ಲಿ ರಸ್ಕನ್ನು ಅದ್ದಿ ಕೂಡಲೇ ತೆಗೆಯಬೇಕು. ಕೆನೆಯನ್ನು ಕಾಯಿಸಿ, ಕುದಿಯುವ ಮುನ್ನ ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ತಂಪಿನಲ್ಲಿ ಬಸಿಯಲು ಬಿಟ್ಟರೆ ಮಸ್ಕಾರ್ಪೋನೆಯೂ ಮನೆಯಲ್ಲೇ ಆಗುತ್ತದೆ. ಅದಕ್ಕೆ ಸಕ್ಕರೆ ಸಾಕು, ಮೊಟ್ಟೆ ಬೇಡ. ಕೋಕೋದಲ್ಲಿಯೂ ಸ್ವಲ್ಪ ಕೆಫೀನು ಉಂಟಾದ್ದರಿಂದ ಮೇಲೆ ಉದುರಿಸಲು ರಾಗಿಯ ಹುರಿಹಿಟ್ಟು. ನಾಲ್ಕು ಗಂಟೆ ತಂಪಿನಲ್ಲಿಟ್ಟು ಬಡಿಸಬಹುದು.