ಒಗ್ಗರಣೆ ಹೊಗೆ ಎಲ್ಲಿಗೆ ಹೋಗುತ್ತೆ?

ನೆತ್ತಿಯ ಮೇಲೆ ಏಳನೇ ನಂಬರಿನ ರೈಲು ಗಡಗಡ ಎಂದು ಹಾಯುವಷ್ಟು ಹೊತ್ತು ರೂಸ್‌ವೆಲ್ಟ್ ಅವೆನ್ಯೂದಲ್ಲಿ ಎಲ್ಲರೂ ಬಾಯಿ ಮುಚ್ಚುತ್ತಾರೆ. ರೈಲು ಹೋದದ್ದೇ ತಡ, ಮಾತು ನಿಂತಲ್ಲಿಂದ ಮತ್ತೆ ಶುರು. ಒಬ್ಬರದು ಸ್ಪ್ಯಾನಿಷ್, ಒಬ್ಬರದು ಬಂಗಾಳಿ, ಮೋಮೋ ಗಾಡಿಯವನದು ನೇಪಾಳಿ. 74ನೇ ಬೀದಿಗೆ ತಿರುಗಿದರೆ ಚಿನ್ನದಂಗಡಿ, ಸೀರೆಯಂಗಡಿ, ನುಗ್ಗೆಕಾಯಿ ಕರಿಬೇವು ಸಿಗುವ ದಿನಸಿ ಅಂಗಡಿ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್ ಇದು. ಇಷ್ಟು ಗದ್ದಲ ದಾಟಿ 37ನೇ ಅವೆನ್ಯೂದ ಆಚೆ ಕಾಲಿಟ್ಟರೆ, ಯಾರೋ ರೇಡಿಯೋ ಆರಿಸಿದ ಹಾಗೆ ಮೌನ. ಸಾಲು ಮರ, ಕೆಂಪಿಟ್ಟಿಗೆಯ ಆರು ಮಹಡಿ ಕಟ್ಟಡಗಳು, ಅಳಿಲು.

ತಂಗಿಯ ಮಗಳು ಮತ್ತು ಅಳಿಯ ಮನೆ ನೋಡುತ್ತಿದ್ದರು. ಭಾನುವಾರ ಮಧ್ಯಾಹ್ನದ ‘ಓಪನ್ ಹೌಸ್’. ಮೈಸೂರಿನಿಂದ ಬಂದು ಮೂರು ವಾರವಾಗಿದ್ದ ನಾನೂ ಜೊತೆಗೆ ಹೊರಟೆ. ಬಾಗಿಲಲ್ಲೇ ಏಜೆಂಟ್ ಹೆಂಗಸು ಚಪ್ಪಲಿಗೆ ತೊಡಿಸಲು ನೀಲಿ ಪ್ಲಾಸ್ಟಿಕ್ ಚೀಲ ಕೊಟ್ಟಳು. ಬಿಟ್ಟು ಬರುತ್ತೇನೆಂದರೆ ಬೇಡವಂತೆ. ಮೂವರೂ ಸರಪರ ಸದ್ದು ಮಾಡುತ್ತ ಒಳಗೆ ಹೋದೆವು.

ಎರಡು ಮಲಗುವ ಕೋಣೆ, ಸಂಪೂರ್ಣ ನವೀಕೃತ. ನವೀಕೃತ ಎಂದರೆ ಬಿಳಿ. ಗೋಡೆ ಬಿಳಿ, ಕಪಾಟು ಬಿಳಿ, ಅಡುಗೆ ಕಟ್ಟೆಯ ಕ್ವಾರ್ಟ್ಜ್ ಕಲ್ಲಂತೂ ದೋಸೆ ಹಿಟ್ಟು ಚೆಲ್ಲಿದರೆ ಕಾಣದಷ್ಟು, ಅರಿಶಿನ ಚೆಲ್ಲಿದರೆ ಜನ್ಮವಿಡೀ ಕಾಣುವಷ್ಟು ಬಿಳಿ. ನೆಲ ಮಾತ್ರ ಹಳೆಯದು. ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ ಓಕ್ ಪಟ್ಟಿಗಳನ್ನು ಉಜ್ಜಿ ಹೊಳಪು ಹಾಕಿದ್ದರು. ಕಾಲಿಟ್ಟರೆ ಒಂದೆರಡು ಕಡೆ ಕಿರ್ರೆನ್ನುತ್ತಿತ್ತು. ಆ ಸದ್ದು ಕೇಳಿ ಮನೆಯ ಬಗ್ಗೆ ನನಗೆ ಮೊದಲ ಸಲ ನಂಬಿಕೆ ಬಂತು.

ಅಡುಗೆಮನೆಗೂ ಹಾಲಿಗೂ ನಡುವೆ ಇದ್ದ ಗೋಡೆ ಒಡೆದು ತೆಗೆದಿದ್ದರು. ಒಲೆಯ ಮೇಲೆ ಥಳಥಳಿಸುವ ಸ್ಟೀಲ್ ಹೊಗೆಗೂಡು. “ಒಗ್ಗರಣೆ ಹೊಗೆ ಎಲ್ಲಿಗೆ ಹೋಗುತ್ತೆ?” ಎಂದು ಕೇಳಿದೆ. ಹುಡುಗಿ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಏಜೆಂಟ್ ಗುಂಡಿ ಒತ್ತಿ, ಎಷ್ಟು ಮೆತ್ತಗೆ ತಿರುಗುತ್ತದೆ ನೋಡಿ ಎಂದಳು. ನಮ್ಮ ಹುಡುಗಿ ಕೈಚೀಲದಿಂದ ಟಿಶ್ಯೂ ತೆಗೆದು ಮುಂದಿನ ಸೀಳಿಗೆ ಹಿಡಿದಳು. ಅದು ಅವಳ ಮುಖಕ್ಕೇ ಪಟಪಟ ಬಡಿಯಿತು. ಮೇಲೆ ಹೀರಿದ ಗಾಳಿಯನ್ನು ಫಿಲ್ಟರಿನಲ್ಲಿ ಸೋಸಿ ಅದೇ ಕೋಣೆಗೆ ವಾಪಸು ಬಿಡುವ ಯಂತ್ರ. ಇಂಗು, ಸಾಸಿವೆ, ಒಣಮೆಣಸಿನಕಾಯಿ ಎಲ್ಲವೂ ಸೋಫಾಕ್ಕೆ. ಉಳಿದದ್ದು ಬಾಗಿಲ ಸಂದಿಯಿಂದ ಓಣಿಗೆ, ಅಲ್ಲಿಂದ ಪಕ್ಕದ ಮನೆಯವರ ಮೂಗಿಗೆ.

ಬಚ್ಚಲನ್ನು ಸ್ವಲ್ಪ ದೊಡ್ಡದು ಮಾಡಬಹುದೇ ಎಂದು ಅಳಿಯ ಕೇಳಿದ. ಆಗದು. ನೀರಿನ ಕೋಣೆಯನ್ನು ಕೆಳಗಿನವರ ಮಲಗುವ ಕೋಣೆಯ ಮೇಲಕ್ಕೆ ಚಾಚಲು ಇಂಥ ಕಟ್ಟಡಗಳು ಸಾಮಾನ್ಯವಾಗಿ ಬಿಡುವುದಿಲ್ಲ. ಇನ್ನೊಬ್ಬರ ಹಾಸಿಗೆಯ ಮೇಲೆ ನಿಮ್ಮ ಕೊಳಾಯಿ ಸೋರಬಾರದಲ್ಲ! ನ್ಯಾಯವೇ.

ಚಿಕ್ಕ ಕೋಣೆಯಲ್ಲಿ ಮಂಚ ಹಾಕಿದರೆ ಬೀರು ಹೊರಗೆ. ಆದರೆ ಅದರ ಕಿಟಕಿಯಿಂದ ಕೆಳಗೆ ನೋಡಿದೆ, ನೋಡುತ್ತಲೇ ನಿಂತೆ. ಬೀದಿಯಿಂದ ಸುಳಿವೇ ಸಿಗದ ಒಂದು ತೋಟ ಕಟ್ಟಡಗಳ ಹೊಟ್ಟೆಯೊಳಗೆ ಉದ್ದಕ್ಕೂ ಚಾಚಿತ್ತು. ಹುಲ್ಲು, ಎತ್ತರದ ಮರ, ಬಾಗಿದ ಕಾಲುದಾರಿ. ಒಬ್ಬ ಅಜ್ಜಿ ಬೆಂಚಿನ ಮೇಲೆ ಬಟಾಣಿಯೋ ಏನೋ ಸುಲಿಯುತ್ತಿದ್ದಳು. ಈ ಊರನ್ನು ಕಟ್ಟಿದ್ದೇ ಈ ತೋಟಗಳ ಸುತ್ತ. 1909ರಲ್ಲಿ ಕ್ವೀನ್ಸ್‌ಬರೊ ಸೇತುವೆ ತೆರೆದಾಗ ಎಡ್ವರ್ಡ್ ಮ್ಯಾಕ್‌ಡೂಗಲ್ ಎಂಬಾತನ ಕಂಪನಿ ಇಲ್ಲಿನ ಹೊಲಗಳನ್ನು ಕೊಂಡಿತು. 1917ರಲ್ಲಿ ಆ ಗಡಗಡ ರೈಲು ಬಂತು. ಜಾಗವನ್ನೆಲ್ಲ ಕಟ್ಟಡದಿಂದ ತುಂಬದೆ, ನಡುವೆ ತೋಟ ಬಿಟ್ಟು ಮನೆ ಕಟ್ಟಿದರು. 1993ರಿಂದ ಇದರ ಒಂದು ದೊಡ್ಡ ಭಾಗ ನಗರದ ಐತಿಹಾಸಿಕ ವಲಯ. ಹೊರಗಿನ ಕಿಟಕಿ ಚೌಕಟ್ಟು ಬದಲಿಸಲೂ ಒಪ್ಪಿಗೆ ಬೇಕು.

ಕಿಟಕಿಯ ಕೆಳಗೆ ಎರಡಾಳು ಎತ್ತಲಾಗದ ಬೀಡು ಕಬ್ಬಿಣದ ರೇಡಿಯೇಟರು. ಅದಕ್ಕೂ ಬಿಳಿ ಬಣ್ಣ! ನೆಲಮಾಳಿಗೆಯ ಬಾಯ್ಲರಿನಿಂದ ಹಬೆ ಬಂದು ಇದನ್ನು ಕಾಯಿಸುತ್ತದೆ. ಬೇಕೆಂದಷ್ಟೇ ಕಾಯುವುದಿಲ್ಲ, ಹಂಡೆ ಒಲೆಯ ಹಾಗೆ ಧಗಧಗ. 1918ರ ಫ್ಲೂ ಮಾರಿಯ ನಂತರ, ಕೊರೆವ ಚಳಿಯಲ್ಲೂ ಕಿಟಕಿ ತೆರೆದಿಟ್ಟು ಗಾಳಿ ಆಡಲಿ ಎಂಬ ಲೆಕ್ಕದಲ್ಲಿ ಆ ಕಾಲದ ಎಂಜಿನಿಯರುಗಳು ಇವನ್ನು ಇಷ್ಟು ದೊಡ್ಡದು ಮಾಡಿದರು. ಜನವರಿಯಲ್ಲೂ ಇಲ್ಲಿನವರು ಕಿಟಕಿ ಅರ್ಧ ಎತ್ತಿ ಮಲಗುವುದು ಇದಕ್ಕೇ.

ಬೆಲೆ ಆರು ಲಕ್ಷ ಡಾಲರಿಗೆ ಸ್ವಲ್ಪ ಕಡಿಮೆ. “ಅಷ್ಟು ಕೊಟ್ಟರೆ ಮನೆ ನಿಮ್ಮದಾಗುತ್ತಲ್ಲ?” ಎಂದೆ. “ಇಲ್ಲ ದೊಡ್ಡಮ್ಮ, ಷೇರು ನಮ್ಮದಾಗುತ್ತೆ” ಎಂದಳು. ಕೋಆಪ್ ಎಂದರೆ ಹಾಗೆ. ಕಟ್ಟಡವಿಡೀ ಒಂದು ಕಂಪನಿಯ ಆಸ್ತಿ. ನೀವು ಅದರ ಇಷ್ಟು ಷೇರು ಕೊಳ್ಳುತ್ತೀರಿ, ಅದರ ಮೇಲೆ ಇಂಥ ಮನೆಯಲ್ಲಿ ವಾಸಿಸುವ ಗುತ್ತಿಗೆ ಪತ್ರ ಸಿಗುತ್ತದೆ. ಆಸ್ತಿ ತೆರಿಗೆ, ಹಬೆ, ಬಿಸಿನೀರು, ಕಟ್ಟಡ ನೋಡಿಕೊಳ್ಳುವ ‘ಸೂಪರ್’ನ ಸಂಬಳ, ಕಟ್ಟಡದ ಮೇಲೇ ಸಾಲವಿದ್ದರೆ ಅದರ ಪಾಲು, ಎಲ್ಲ ಸೇರಿಸಿ ತಿಂಗಳು ತಿಂಗಳು ಮೇಂಟೆನೆನ್ಸ್ ಬೇರೆ. ನಮ್ಮಲ್ಲಿ ಗೃಹ ನಿರ್ಮಾಣ ಸಹಕಾರ ಸಂಘ ಎಂದರೆ ಸೈಟು ಸಿಕ್ಕಿ ಕಾಂಪೌಂಡ್ ಎದ್ದ ದಿನ ಸಂಘದ ನೆನಪು ಮುಗಿಯಿತು. ಇಲ್ಲಿ ಸಂಘದ ಹೊಟ್ಟೆಯಲ್ಲೇ ಸಂಸಾರ.

ದುಡ್ಡು ಹೊಂದಿಸಿದರೂ ಮುಗಿಯದು. ಎರಡು ಮೂರು ವರ್ಷದ ತೆರಿಗೆ ಕಾಗದ, ಬ್ಯಾಂಕಿನ ಲೆಕ್ಕ, ‘ಇವರು ಒಳ್ಳೆಯವರು’ ಎಂದು ಗೆಳೆಯರು ಬರೆದ ಪತ್ರ, ಎಲ್ಲ ಕಟ್ಟಿ ಬೋರ್ಡಿಗೆ ಕೊಡಬೇಕು. ಬೋರ್ಡ್ ಎಂದರೆ ಅಲ್ಲೇ ವಾಸಿಸುವ ಐದಾರು ಮಂದಿ. ಅವರು ಕರೆದು ಕೂರಿಸಿ ಮಾತಾಡಿಸುತ್ತಾರೆ. ಕೆಲವು ಕಡೆ ನಾಯಿಯನ್ನೂ ಕರೆತರಲು ಹೇಳುತ್ತಾರಂತೆ. ಬಣ್ಣ, ಧರ್ಮ ನೋಡಿ ಬೇಡ ಎನ್ನಲು ಕಾನೂನು ಬಿಡದು. ಆದರೆ ಬೇಡ ಎಂದ ಕಾರಣವನ್ನು ಹೇಳಲೇಬೇಕು ಎಂದೂ ಇಲ್ಲ. ಉಪ್ಪಿಟ್ಟು ಕೇಸರಿಬಾತು ಒಂದು ಇಲ್ಲ, ಮಿಕ್ಕಂತೆ ಹೆಣ್ಣು ನೋಡುವ ಶಾಸ್ತ್ರವೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಎರಡನ್ನೂ ಒಂದೇ ಅರ್ಜಿಯಲ್ಲಿ ಕಂಡಿರಲಾರರು. “ಸಾಂಬಾರ್ ದಿನಾ ಮಾಡ್ತೀರಾ ಅಂತ ಕೇಳಿದರೆ?” ಎಂದಳು ಹುಡುಗಿ. ನಗುತ್ತಲೇ ಕೇಳಿದಳು, ಆದರೂ ಕಣ್ಣು ಆ ಹೊಗೆಗೂಡಿನ ಮೇಲಿತ್ತು.

ಹೊರಡುವಾಗ ನೀಲಿ ಚೀಲ ಬಿಚ್ಚಲೆಂದು ಬಾಗಿಲ ಚೌಕಟ್ಟು ಹಿಡಿದೆ. ಕೈಗೆ ಏನೋ ತಗುಲಿತು. ಒಳಬರುವವರ ಬಲಗಡೆ, ಹೆಗಲಿಗಿಂತ ತುಸು ಮೇಲೆ, ಕಿರುಬೆರಳಷ್ಟು ಉದ್ದದ ಉಬ್ಬು, ಓರೆಯಾಗಿ ಅಂಟಿಕೊಂಡಿತ್ತು. ಮೇಲೆ ಎಷ್ಟು ಸಲ ಬಣ್ಣ ಬಳಿದಿದ್ದರೋ, ಅಂಚುಗಳೆಲ್ಲ ಕರಗಿ ಮರದ ಗಂಟಿನಂತಾಗಿತ್ತು. ಅದು ಮೆಝೂಝಾ ಎಂದ ಅಳಿಯ. ಯಹೂದಿಗಳು ಹೊಸ್ತಿಲ ಬಳಿ ಬಡಿಯುವ ಪುಟ್ಟ ಕರಡಿಗೆ, ಒಳಗೆ ತೊಗಲಿನ ಹಾಳೆಯ ಮೇಲೆ ಬರೆದ ಮಂತ್ರ. ಷೇರು ಲೆಕ್ಕದಲ್ಲಿ ಇಲ್ಲಿ ಮನೆ ಮಾರಲು ಶುರುವಾದ ಹೊಸತರಲ್ಲಿ ಯಹೂದಿಗಳಿಗೂ ಕರಿಯರಿಗೂ ಮಾರುತ್ತಿರಲಿಲ್ಲ. ನಮ್ಮಂಥವರ ಮಾತಂತೂ ಏಳುತ್ತಲೇ ಇರಲಿಲ್ಲ, ನಮಗೆ ಈ ದೇಶದ ಬಾಗಿಲು ಸರಿಯಾಗಿ ತೆರೆದದ್ದೇ 1965ರ ವಲಸೆ ಕಾನೂನಿನ ಮೇಲೆ. ಯಹೂದಿಗಳ ಮೇಲಿನ ಕಟ್ಟು ಸಡಿಲಿದ ಮೇಲೆ ಯಾರೋ ಬಂದು ಇಲ್ಲಿ ಮೊಳೆ ಹೊಡೆದು ಬಾಳಿ ಹೋಗಿದ್ದಾರೆ. ಗೋಡೆ ಒಡೆದವರು, ಕಪಾಟು ಕಿತ್ತವರು ಇದನ್ನು ಮಾತ್ರ ಮುಟ್ಟದೆ ಮೇಲೊಂದು ಕೈ ಬಣ್ಣ ಎಳೆದಿದ್ದಾರೆ. ಗೊತ್ತಿದ್ದೋ, ಸೋಮಾರಿತನಕ್ಕೋ.

“ತೋರಣಕ್ಕೆ ಮೊಳೆ ಎಲ್ಲಿ ಹೊಡೆಯೋದು ದೊಡ್ಡಮ್ಮ? ಇದನ್ನ ಕೀಳೋದು ಬೇಡ” ಎಂದಳು ಹುಡುಗಿ, ಆಗಲೇ ತನ್ನದೇ ಮನೆ ಎಂಬಂತೆ.

ಏಜೆಂಟ್ ಒಳಗೆ ದೀಪ ಆರಿಸುತ್ತಿದ್ದಳು. ಓಣಿಯಲ್ಲಿ ಲಿಫ್ಟಿಗೆ ಕಾಯುತ್ತ ನಿಂತಾಗ, ಎದುರು ಮನೆಯ ಬಾಗಿಲ ಕೆಳಗಿನಿಂದ ಬೆಳ್ಳುಳ್ಳಿ ಹುರಿಯುವ ವಾಸನೆ ಬಂತು. ಎಣ್ಣೆ ಯಾವುದೆಂದು ತಿಳಿಯಲಿಲ್ಲ. ಅಳಿಯ ಫೋನು ತೆಗೆದು, ಒಳ್ಳೆಯವರೆಂದು ಪತ್ರ ಬರೆದುಕೊಡಬಲ್ಲ ಗೆಳೆಯರ ಪಟ್ಟಿ ಮಾಡತೊಡಗಿದ.